ಮೇಸ್ತ್ರಿಯ ಅಡ್ವಾನ್ಸ್ ನಾವು ಬ್ಯಾಡ ಅಂದ ವರ್ಷ

2023ರ ದೀಪಾವಳಿ ಮುಗದು ನಾಲ್ಕು ದಿನಕ್ಕ ಗೋವಾದಾಗ ಬಿಲ್ಡಿಂಗ್ ಕೆಲಸಕ್ಕ ಕರಿಯೋ ಮೇಸ್ತ್ರಿ ಫೋನ್ ಬಂತು. ಪ್ರತಿ ವರ್ಷ ಬರೋ ಫೋನೇ ಅದು, ಈ ಸಲ ಎಷ್ಟ್ ಮಂದಿ ಬರ್ತೀರಿ, ಅಡ್ವಾನ್ಸ್ ಎಷ್ಟ್ ಬೇಕು, ಯಾವಾಗ ಹೊರಡ್ತೀರಿ ಅಂತ. ನಮ್ಮನಿಯವ್ರು ಫೋನ್ ಕಿವಿಗೆ ಹಿಡ್ಕೊಂಡೇ ನನ್ನ ಮಾರಿ ನೋಡಿದ್ರು. ಮನ್ಯಾಗ ಅವತ್ತು ಅರ್ಧ ಚೀಲ ಜೋಳ ಇತ್ತು ಅಷ್ಟ, ಹೆಸರು ಬಿತ್ತಿದ್ವಿ ಆದ್ರ ಆಗಸ್ಟ್ ತಿಂಗಳು ಪೂರ್ತಿ ಮಳಿ ಬರ್ಲಿಲ್ಲ, ಹೂವು ಬಿಡೋ ಹೊತ್ತಿಗೆ ಬೆಳಿ ಒಣಗಿ ಹೋತು. ಆ ವರ್ಷ ರಾಜ್ಯದ 236 ತಾಲೂಕಿನಾಗ 223 ತಾಲೂಕು ಬರಪೀಡಿತ ಅಂತ ಸರ್ಕಾರನ ಘೋಷಣೆ ಮಾಡ್ತು, ಅಂದ್ರ ನಮ್ಮ ಎರಡು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲದ ಕಥಿ ಏನು ಅಂತ ನೀವೇ ತಿಳ್ಕೋರಿ.

ನಮ್ಮೂರು ಶಿರಹಟ್ಟಿ ತಾಲೂಕಿನಾಗ, ಗದಗ ಜಿಲ್ಲಾ. ಊರ ಹೊರಗ ನಿಂತ್ರ ಕಪ್ಪತಗುಡ್ಡ ಕಾಣತೈತಿ. ಇಲ್ಲಿಂದ, ಮುಂಡರಗಿ ಕಡಿಂದ, ತಾಂಡಾಗಳಿಂದ, ಸುಗ್ಗಿ ಮುಗಿತು ಅಂದ್ರ ಮಂದಿ ಗೋವಾಕ್ಕ, ಮಂಗಳೂರಿಗೆ ದುಡಿಯಾಕ ಹೋಗೂದು ನಮ್ಮ ಮಾವನೋರ ಕಾಲದಿಂದನೂ ಐತಿ. ನಾವು ಗಂಡ ಹೆಂಡ್ತಿ ಆರು ವರ್ಷ ಮಡಗಾಂವ್ ಕಡೆ ಬಿಲ್ಡಿಂಗ್ ಕೆಲಸ ಮಾಡೇವಿ. ಹುಬ್ಬಳ್ಳಿಯಾಗ ರೈಲು ಹತ್ತೂದು, ಹಾಸಿಗಿ ಗಂಟು, ಪಾತ್ರಿ ಚೀಲ, ಮಗಳ ಕೈ ಹಿಡ್ಕೊಂಡು. ತಗಡಿನ ಶೆಡ್ಡಿನಾಗ ಇರೂದು.

ಹೋಗೂದು ಯಾಕ ಬಿಡಾಕ ಆಗೂದಿಲ್ಲ ಅಂದ್ರ ಅಡ್ವಾನ್ಸು. ಮೇಸ್ತ್ರಿ 30 ಸಾವಿರ ಮೊದ್ಲೇ ಕೊಡ್ತಾನ, ಅದರಾಗ ಹಳೇ ಸಾಲದ ಬಡ್ಡಿ ಕಟ್ಟೂದು, ಅತ್ತಿ ಕೈಯಾಗ ಮನಿ ಖರ್ಚಿಗೆ ಬಿಟ್ಟು ಹೋಗೂದು, ಆಮ್ಯಾಲೆ ಮೂರು ತಿಂಗಳು ಆ ಅಡ್ವಾನ್ಸ್ ಹರಿಯೋತನಕ ದುಡಿಯೂದು, ಉಳಿದ ಮೂರು ತಿಂಗಳದ್ದು ನಮ್ಮ ಕೈಗೆ. ಮಳಿಗಾಲಕ್ಕ ಊರಿಗೆ ಬಂದು ಬೀಜ ಗೊಬ್ಬರ ತಂದ್ರ ಮತ್ತ ಕೈ ಖಾಲಿ, ದೀಪಾವಳಿಗೆ ಮತ್ತ ಅದೇ ಫೋನು. ಮಗಳು ಆವಾಗ ಮೂರನೇತ್ತಾ. ಪ್ರತಿ ವರ್ಷ ಡಿಸೆಂಬರ್‌ಕ್ಕ ಸಾಲಿ ಬಿಡ್ತಿದ್ಲು, ಜೂನ್‌ಕ್ಕ ಬಂದು ಮುಂದಿನ ಕ್ಲಾಸಿಗೆ ಕುಂದರ್ತಿದ್ಲು, ಕೂಡಿಸೂದು ಬರ್ತಿತ್ತು ಕಳಿಯೂದು ಬರ್ತಿದ್ದಿಲ್ಲ. ಅವರ ಟೀಚರ್ ನನ್ನ ಕರದು ಹೇಳಿದ್ರು, "ಹುಡುಗಿ ಶಾಣ್ಯಾ ಅದಾಳವಾ, ಒಂದು ವರ್ಷರ ಪೂರ್ತಿ ಕೂಡಸು" ಅಂತ. ಆ ಮಾತು ನನ್ನ ತಲ್ಯಾಗ ಕುಂತಿತ್ತು.

ಅವತ್ತ ರಾತ್ರಿ ನಾ ಅಂದೆ, ಈ ಸಲ ಅಡ್ವಾನ್ಸ್ ತಗೋಬ್ಯಾಡ್ರಿ, ಜೂನ್‌ತನಕ ಇಲ್ಲೇ ಹೆಂಗ ತೂಗಸೂದು ಅಂತ ನೋಡೂಣು. ಅವರು ಏನೂ ಅನ್ಲಿಲ್ಲ. ಅತ್ತಿ ಮಾತ್ರ "ತೂಗಸಾಕ ಏನೈತಿ ನಿನ್ನ ಕೈಯಾಗ?" ಅಂದ್ರು. ಖರೇನೂ ಇತ್ತು. ಕೈಯಾಗ ಇದ್ದದ್ದು ಬರೀ ಕಾಗದ, ಅದೂ ಒಂದೂ ಸರಿ ಇದ್ದಿದ್ದಿಲ್ಲ.

ಮೊದಲಿಗೆ ಗೃಹಲಕ್ಷ್ಮಿ. ಆಗಸ್ಟ್ 30ಕ್ಕ ಮೈಸೂರಿನಾಗ ಚಾಲೂ ಮಾಡಿದ್ರು, ಮನಿ ಯಜಮಾನಿಗೆ ತಿಂಗಳಿಗೆ 2000. ನಮ್ಮ ರೇಷನ್ ಕಾರ್ಡಿನಾಗ ಯಜಮಾನಿ ಅತ್ತಿ, ಹಂಗಾಗಿ ರೊಕ್ಕ ಅವರ ಹೆಸರಿಗೇ. ಜುಲೈನಾಗ ಗ್ರಾಮ ಒನ್ ಅನ್ನೋ ಸರ್ಕಾರಿ ಸೇವಾ ಕೇಂದ್ರದಾಗ ಅರ್ಜಿ ಹಾಕಿದ್ವಿ, ಓಣ್ಯಾಗ ಎಲ್ಲಾರಿಗೂ ಬಂತು, ನಮಗ ನವೆಂಬರ್ ಬಂದ್ರೂ ಇಲ್ಲ. ಗ್ರಾಮ ಒನ್ ಹುಡುಗನ್ನ ಕೇಳಿದ್ರ "ಅರ್ಜಿ ಓಕೆ ಐತಿ ಅಕ್ಕಾರ, ಬ್ಯಾಂಕಿನಾಗ ಕೇಳ್ರಿ" ಅಂದ. ಬ್ಯಾಂಕಿನಾಗ ಕೇಳಿದ್ರ "ಆಧಾರ್ ಲಿಂಕ್ ಇಲ್ಲ" ಅಂದ್ರು. ಅಲ್ರೀ, ಖಾತೆ ತಗಿಯೋವಾಗ ಆಧಾರ್ ಜೆರಾಕ್ಸ್ ಕೊಟ್ಟೇವಲ್ರಿ ಅಂದ್ರ, ಅದು ಬ್ಯಾರೆ ಇದು ಬ್ಯಾರೆ ಅಂದ್ರು. ಇದನ್ನ ತಿಳ್ಕೊಳ್ಳಾಕ ನನಗ ಎರಡು ಸಲ ತಾಲೂಕಿಗೆ ಹೋಗಿ ಬರೂದಾತು, ಹಂಗಾಗಿ ಇಲ್ಲೆ ಬಿಡಿಸಿ ಹೇಳ್ತೀನಿ. ಖಾತೆಗೆ ಆಧಾರ್ ಕೊಟ್ಟಿರೂದು ಒಂದು. ಸರ್ಕಾರದ ರೊಕ್ಕ ನೇರ ಬರಬೇಕಂದ್ರ ಎನ್‌ಪಿಸಿಐ ಅಂತ ಬ್ಯಾಂಕುಗಳ ನಡುವ ರೊಕ್ಕ ಹಾಯಿಸೋ ಒಂದು ಸಂಸ್ಥೆ ಐತಿ, ಅದರಾಗ "ಈ ಆಧಾರ್ ನಂಬರಿಗೆ ಈ ಬ್ಯಾಂಕು" ಅಂತ ದಾಖಲಾಗಿರಬೇಕು. ಅದು ಒಂದು ಆಧಾರಿಗೆ ಒಂದೇ ಬ್ಯಾಂಕು. ಅದಕ್ಕ ಬ್ಯಾಂಕಿನಾಗ ಬ್ಯಾರೆ ಫಾರಂ ತುಂಬಿ ಸಹಿ, ಇಲ್ಲಾ ಹೆಬ್ಬೆಟ್ಟು ಹಾಕಬೇಕು.

ಫಾರಂ ಕೊಡಾಕ ಹೋದ್ರ ಇನ್ನೊಂದು ತೊಡಕು. ಪಾಸ್‌ಬುಕ್ಕಿನಾಗ, ರೇಷನ್ ಕಾರ್ಡಿನಾಗ ಅತ್ತಿ ಹೆಸರಿನ ಕೊನಿಗೆ "ಅವ್ವ" ಐತಿ, ಆಧಾರಿನಾಗ "ಅಮ್ಮ" ಐತಿ. ನಮ್ಮ ಕಡೆ ಎಲ್ಲಾ ಹೆಣ್ಮಕ್ಕಳೂ ಅವ್ವನೇ, ಆಧಾರ್ ಮಾಡೋ ಕಾಲಕ್ಕ ಯಾರೋ ಕಂಪ್ಯೂಟರಿನಾಗ ಅಮ್ಮ ಅಂತ ಹೊಡದು ಕಳ್ಸ್ಯಾರ, ಅದರ ಸಲುವಾಗಿ ಹತ್ತು ವರ್ಷ ಆದ ಮ್ಯಾಲೆ ಒಂದು ಮುದುಕಿ ಆಧಾರ್ ಸೆಂಟರ್ ಮುಂದ ನಸುಕಿನ್ಯಾಗ ಟೋಕನ್‌ಗೆ ಪಾಳಿ ಹಚ್ಚಬೇಕು. ತಿದ್ದಾಕ ಆವಾಗ 50 ರೂಪಾಯಿ ಫೀಸ್ ಇತ್ತು, ಅದೇನು ದೊಡ್ಡದಲ್ಲ. ದೊಡ್ಡದು ಓಡಾಟ. ನಾನು ಅತ್ತಿ ಕೂಡಿ ಒಟ್ಟು ಏಳು ಸಲ ಹೋಗೇವಿ, ಮೂರು ಸಲ ಸರ್ವರ್ ಇಲ್ಲ ಅಂತ ಹಂಗ ಬಂದೇವಿ.

ಇಲ್ಲೆ ಒಂದು ಮಾತು ಹೇಳಲೇಬೇಕು. ಆ ಜೂನ್ 11ರಿಂದ ಹೆಣ್ಮಕ್ಕಳಿಗೆ ಬಸ್ ಫ್ರೀ ಆಗಿತ್ತು. ಮೊದ್ಲು ನಮ್ಮೂರಿಂದ ತಾಲೂಕಿಗೆ ಇಬ್ಬರು ಹೋಗಿ ಬರಾಕ 120 ರೂಪಾಯಿ ಬೇಕಿತ್ತು. ಏಳು ಸಲ ಅಂದ್ರ 840. ಕೈಯಾಗ ರೊಕ್ಕ ಇಲ್ಲದ ಮನ್ಯಾಗ ಬರ್ತದೋ ಇಲ್ಲೋ ಗೊತ್ತಿಲ್ಲದ 2000ದ ಸಲುವಾಗಿ ಯಾರ್ರೀ 840 ಖರ್ಚು ಮಾಡ್ತಾರ? ಎರಡನೇ ಸಲ "ಸರ್ವರ್ ಇಲ್ಲ" ಅಂದಾಗನ ನಾವು ಬಿಟ್ಟು ಬಿಡ್ತಿದ್ವಿ. ಬಸ್ಸಿನ ಜೀರೋ ಟಿಕೆಟ್ ಬಗ್ಗೆ ಮಂದಿ ಏನೇನೋ ಮಾತಾಡ್ತಾರ, ಹೆಣ್ಮಕ್ಕಳು ಸುಮ್ನ ತಿರಗ್ತಾರ ಅಂತಾರ. ನಮ್ಮ ಮನಿಗೆ ಅದು ಆಫೀಸ್ ಬಾಗಲಾ ತಗಿಸಿದ ಟಿಕೆಟ್ಟು, ನಾ ಇದನ್ನ ಎಲ್ಲೆ ಕೇಳಿದ್ರೂ ಹೇಳ್ತೀನಿ. ಜನವರಿಯಾಗ ಅತ್ತಿ ಖಾತೆಗೆ ಎರಡು ಕಂತು ಒಮ್ಮೆಲೇ ಬಂತು. ಅವರು ಪಾಸ್‌ಬುಕ್ಕು ಎಂಟ್ರಿ ಹಾಕಿಸ್ಕೊಂಡು ಬಸ್ಸಿನಾಗ ದಾರಿ ಪೂರ್ತಿ ಅದನ್ನ ಸೆರಗಿನಾಗ ಹಿಡ್ಕೊಂಡ ಕುಂತಿದ್ರು.

ಇನ್ನ ಕೆಲಸದ ಕಥಿ. ಉದ್ಯೋಗ ಖಾತ್ರಿ (ನರೇಗಾ) ಅಂದ್ರ ಪಂಚಾಯ್ತಿಯವ್ರು ಕರದಾಗ ಹೋಗೂದು ಅಂತ ನಾ ತಿಳ್ಕೊಂಡಿದ್ದೆ. ಹಂಗಲ್ಲ. ಅದು 2005ರ ಕಾಯ್ದೆ, ನಾವು ಕೆಲಸ ಕೇಳಬೇಕು, ಕೇಳಿದ 15 ದಿನದಾಗ ಅವರು ಕೊಡಬೇಕು, ಕೊಡದಿದ್ರ ನಿರುದ್ಯೋಗ ಭತ್ಯೆ ಕೊಡಬೇಕು. ಇದನ್ನ ನನಗ ಹೇಳಿದಾಕಿ ಸಂಘದಾಗಿನ ಒಬ್ಬ ಅಕ್ಕ, ಆಕಿ ನಾಲ್ಕನೇತ್ತಾ ಕಲ್ತಾಕಿ, ಆದ್ರ ಕಾಯ್ದೆ ಬಾಯಿಪಾಠ ಐತಿ.

ನಮ್ಮ ಹಳೇ ಜಾಬ್ ಕಾರ್ಡ್ ಮಾವನೋರ ಹೆಸರಿಲೆ ಇತ್ತು. ಹೋಗಿ ನೋಡಿದ್ರ ಡಿಲೀಟ್ ಆಗೇತಿ, ಊರಾಗ ಇರಂಗಿಲ್ಲ ಅಂತ ಕಾರಣ. ಊರಾಗ ಕೆಲಸ ಇಲ್ಲ ಅಂತ ಗೋವಾಕ್ಕ ಹೋದ್ವಿ, ಗೋವಾಕ್ಕ ಹೋದ್ವಿ ಅಂತ ಊರಾಗಿನ ಕಾರ್ಡ್ ಹೋತು. ನನಗ ಅವತ್ತು ಭಾಳ ಸಿಟ್ಟು ಬಂದಿತ್ತು. ಹೊಸಾದಕ್ಕ ಅರ್ಜಿ ಕೊಟ್ವಿ, ಇಬ್ಬರ ಫೋಟೋ, ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್ ಜೆರಾಕ್ಸ್. ಕಾರ್ಡಿಗೆ ಒಂದು ರೂಪಾಯಿನೂ ಕೊಡೂದಿಲ್ಲ, ಯಾರರ ಕೇಳಿದ್ರ ಕೊಡಬ್ಯಾಡ್ರಿ.

ಕಾರ್ಡ್ ಬಂತು. ಕೆಲಸ ಕೇಳಿದೆ. "ಬಂದಾಗ ಹೇಳ್ತೀವಿ ಹೋಗವಾ" ಅಂದ್ರು. ಒಂದು ವಾರ ಬಿಟ್ಟು ಹೋದೆ, ಅದೇ ಮಾತು. ಆ ಅಕ್ಕನ್ನ ಕೇಳಿದ್ರ ಆಕಿ "ಬಾಯಿಲೆ ಕೇಳಿದ್ರ ಅದು ಕೇಳಿದಂಗಲ್ಲ, ಕೆಲಸ ಕೇಳೋ ಅರ್ಜಿ ಐತಿ, ನಮೂನೆ 6, ಅದನ್ನ ಬರದು ಕೊಡು, ತಾರೀಖು ಹಾಕಿ ಸ್ವೀಕೃತಿ ಇಸ್ಕೋ" ಅಂದ್ಲು. ಒಬ್ಬಾಕಿ ಹೋದ್ರ ಆಗೂದಿಲ್ಲ ಅಂತ ಓಣ್ಯಾಗಿನ ಹೆಣ್ಮಕ್ಕಳನ್ನ ಕೂಡಿಸಿದೆ, ಹದಿನಾಲ್ಕು ಮಂದಿ ಆದ್ವಿ, ಎಲ್ಲಾರೂ ಕೂಡಿ ಹೋಗಿ ಫಾರಂ ಕೊಟ್ಟು ಸ್ವೀಕೃತಿ ಕೊಡ್ರಿ ಅಂತ ಅಲ್ಲೇ ಕಟ್ಟಿ ಮ್ಯಾಲೆ ಕುಂತ್ವಿ. ಯಾರೂ ಜಗಳಾ ಮಾಡ್ಲಿಲ್ಲ, ಯಾರೂ ಏಳಲೂ ಇಲ್ಲ. ಎರಡು ತಾಸಿಗೆ ಸೀಲ್ ಹೊಡದ ಚೀಟಿ ಸಿಕ್ತು. ತಾರೀಖು ಬಿತ್ತು ಅಂದ್ರ ಎಲ್ಲಾ ಬ್ಯಾರೇನ ಆಕ್ಕೈತಿ ನೋಡ್ರಿ, ಹದಿಮೂರನೇ ದಿನಕ್ಕ ಎನ್‌ಎಂಆರ್, ಅಂದ್ರ ಕೂಲಿಯವ್ರ ಹಾಜರಿ ಪಟ್ಟಿ, ತಗದ್ರು, ಕೆಲಸ ಕೆರಿ ಹೂಳು ತಗಿಯೂದು, ಆಮ್ಯಾಲೆ ಹೊಲದ ಬದು.

ಕೆಲಸ ಹಗುರ ಏನಲ್ಲ. ಮುಂಜಾನೆ ಬುತ್ತಿ ಕಟ್ಕೊಂಡು ಸಲಿಕಿ ಬುಟ್ಟಿ ತಗೊಂಡು ಹೋಗೂದು, ಹೋದ ಕೂಡ್ಲೆ ಕಾಯಕ ಬಂಧು, ಅಂದ್ರ ಕೂಲಿ ಗುಂಪಿನ ಮುಂದಾಳು, ಮೊಬೈಲಿನಾಗ ಎಲ್ಲಾರ್ದೂ ಫೋಟೋ ತಗಿತಾಳ, ಮತ್ತ ಮಧ್ಯಾಹ್ನ ಇನ್ನೊಂದು ಫೋಟೋ. ಎರಡೂ ಫೋಟೋ ಏರಿದ್ರ ಅವತ್ತಿನ ಹಾಜರಿ. ನಮ್ಮ ಕೆರ್ಯಾಗ ನೆಟ್ವರ್ಕ್ ಬರಂಗಿಲ್ಲ, ಆಕಿ ಫೋಟೋ ತಗೊಂಡು ದಿಬ್ಬ ಏರಿ ಮೊಬೈಲ್ ಮ್ಯಾಲೆ ಹಿಡದು ನಿಂದರ್ತಿದ್ಲು. ಕೂಲಿ ಅಳತಿ ಮ್ಯಾಲೆ, ಗುಂಪಿನಾಗ ಎಲ್ಲಾರೂ ಸರಿ ಮಾಡಿದ್ರ ಆವಾಗ ಪೂರ್ತಿ 316 ರೂಪಾಯಿ, ಇಲ್ಲಾಂದ್ರ 290, 300 ಬೀಳತಿತ್ತು. ಆದ್ರ ಒಂದು ಸಂಗತಿ ನನ್ನ ಮನಸಿಗೆ ಭಾಳ ತಟ್ಟಿತು. ನಮ್ಮೂರಾಗ ಹೊಲದ ಕೂಲಿ ಗಂಡಸಿಗೆ 500, ಹೆಣ್ಮಕ್ಕಳಿಗೆ 250. ಇಲ್ಲೆ ಇಬ್ಬರಿಗೂ ಒಂದೇ. ಮೊದಲ ವಾರದ ಲೆಕ್ಕದ ಹಾಳಿಯಾಗ ನನ್ನ ಹೆಸರಿನ ಮುಂದ, ನಮ್ಮನಿಯವ್ರ ಹೆಸರಿನ ಮುಂದ ಒಂದೇ ಅಂಕಿ ಇತ್ತು. ಮದುವಿಯಾಗಿ ಹತ್ತು ವರ್ಷದಾಗ ಅದು ಮೊದಲನೇ ಸಲ.

ಸಣ್ಣ ಮಗ ಆವಾಗ ಎರಡೂವರೆ ವರ್ಷದಾಂವ, ಅವನ್ನ ಪಂಚಾಯ್ತಿಯವ್ರು ದುಡಿಯೋ ತಾಯಂದ್ರ ಮಕ್ಕಳನ್ನ ನೋಡ್ಕೊಳ್ಳಾಕ ಹೊಸದಾಗಿ ಶುರು ಮಾಡಿದ್ದ ಕೂಸಿನ ಮನ್ಯಾಗ ಬಿಟ್ಟು ಹೋಗ್ತಿದ್ದೆ. ಗೋವಾದಾಗ ಮಗಳನ್ನ ಮರಳಿನ ಗುಂಪಿ ಮ್ಯಾಲೆ ಕುಂದರಿಸಿ ಕೆಲಸ ಮಾಡಿದಾಕಿ ನಾನು.

ಹದಿನೈದು ದಿನಕ್ಕ ನನ್ನ ಕೂಲಿ ಬಂತು, ನಮ್ಮನಿಯವ್ರದ್ದು ಬರ್ಲಿಲ್ಲ. ಮತ್ತ ಒಂದು ವಾರದ್ದು ಬರ್ಲಿಲ್ಲ. ಪಂಚಾಯ್ತಿ ಕಂಪ್ಯೂಟರಿನಾಗ ನೋಡಿದ್ರ "ಜಮಾ ಆಗೇತಿ" ಅಂತ ತೋರಸತೈತಿ, ಪಾಸ್‌ಬುಕ್ಕಿನಾಗ ಇಲ್ಲ. ಅವರಂತೂ ಸಿಟ್ಟಿಗೆದ್ದು ಗೋವಾಕ್ಕ ಹೋಗ್ತೀನಿ ಅಂತ ಬ್ಯಾಗ್ ತಗದಿಟ್ರು. ಆ ರಾತ್ರಿ ನಮ್ಮ ಮನಿ ಮತ್ತ ಹಳೇ ದಾರಿಗೆ ಹೊಳ್ಳೂದು ಬರೀ ಒಂದು ಕೂದಲೆಳಿ ದೂರದಾಗ ಇತ್ತು.

ಆಮ್ಯಾಲೆ ತಿಳೀತು. 2024ರ ಜನವರಿ 1ರಿಂದ ಕೂಲಿ ಎಲ್ಲಾ ಆಧಾರ್ ಮ್ಯಾಲೇ ಪಾವತಿ, ಖಾತೆ ನಂಬರ್ ಮ್ಯಾಲೆ ಅಲ್ಲ. ನಾಲ್ಕು ವರ್ಷದ ಹಿಂದ ಗೋವಾದಾಗ ಕಂಟ್ರಾಕ್ಟರ್ ಕಡಿಯವ್ರು ಎಲ್ಲಾ ಕೆಲಸಗಾರ್ರಿಗೂ ಒಂದು ಬ್ಯಾಂಕಿನಾಗ ಖಾತೆ ಮಾಡಿಸಿದ್ರು, ಅವರ ಆಧಾರ್ ಆ ಖಾತೆಗೇ ಗಂಟು ಬಿದ್ದಿತ್ತು. ಶಿರಹಟ್ಟಿ ತಾಲೂಕಿನ ಕೆರ್ಯಾಗ ಮಣ್ಣು ಹೊತ್ತ ಕೂಲಿ ಗೋವಾದ ಖಾತೆಗೆ ಹೋಗಿ ಕುಂತಿತ್ತು. ಅತ್ತಿ ಕಾಗದದಾಗ ಕಲ್ತಿದ್ದು ಇಲ್ಲೆ ಉಪಯೋಗಕ್ಕ ಬಂತು, ನಾನೇ ಬ್ಯಾಂಕಿಗೆ ಕರಕೊಂಡು ಹೋಗಿ ಅದೇ ಫಾರಂ ತುಂಬಿಸಿ "ಬ್ಯಾರೆ ಬ್ಯಾಂಕಿನಿಂದ ಇಲ್ಲಿಗೆ ಬದಲು ಮಾಡ್ರಿ" ಅನ್ನೂದಕ್ಕ ಟಿಕ್ ಹಾಕಿಸಿದೆ. ಮುಂದಿನ ವಾರದಿಂದ ಊರಿನ ಖಾತೆಗೇ ಬಂತು. ಗೋವಾ ಖಾತೆಯಾಗಿನ ರೊಕ್ಕ ಹೆಬ್ಬೆಟ್ಟು ಮಿಷನ್ ಮ್ಯಾಲೆ ಗದಗಿನಾಗ ತಗದ್ವಿ. ನಿಮ್ಮ ಕೂಲಿ ಬಂದಿಲ್ಲ ಅಂದ್ರ ಯಾರ ಮ್ಯಾಲೂ ಅನುಮಾನ ಪಡೂಕಿಂತ ಮೊದ್ಲು ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗೇತಿ ನೋಡಸ್ರಿ, ಗ್ರಾಮ ಒನ್‌ನಾಗ ಎರಡು ನಿಮಿಷದ ಕೆಲಸ.

ಇನ್ನೊಂದು ಲೆಕ್ಕ ಯಾರೂ ಹೇಳೂದಿಲ್ಲ. ಖಾತ್ರಿ ಕೆಲಸ ಆವಾಗ ವರ್ಷಕ್ಕ 100 ದಿನ ಇತ್ತು, ಅದೂ ಒಬ್ಬರಿಗಲ್ಲ, ಒಂದು ಮನಿಗೆ. ಗಂಡ ಹೆಂಡ್ತಿ ಇಬ್ಬರೂ ಹೋದ್ರ 50 ದಿನಕ್ಕ ಮುಗೀತು. ಆದ್ರ ಆ ಲೆಕ್ಕ ಮಾರ್ಚ್ 31ಕ್ಕ ಮುಗದು ಏಪ್ರಿಲ್ 1ಕ್ಕ ಹೊಸದಾಗಿ ಶುರು ಆಕ್ಕೈತಿ, ಮತ್ತ ನಮ್ಮ ಕಡೆ ಕೈ ಖಾಲಿ ಇರೋ ತಿಂಗಳು ಜನವರಿಯಿಂದ ಮೇ. ಅಂದ್ರ ಒಂದೇ ಬ್ಯಾಸಗಿಗೆ ಎರಡು ವರ್ಷದ ದಿನ ಸಿಗ್ತಾವ! ನಾವು ಮಾರ್ಚ್‌ತನಕ ಇಬ್ಬರೂ ಕೂಡಿ 72 ದಿನ, ಏಪ್ರಿಲ್ ಮೇದಾಗ 64 ದಿನ ಮಾಡಿದ್ವಿ, ಏಪ್ರಿಲ್‌ನಿಂದ ಕೂಲಿನೂ 349ಕ್ಕ ಏರಿತ್ತು. ಅಳತಿ ಹೆಚ್ಚುಕಡಿಮಿ ಹಿಡದು ಒಟ್ಟು 44 ಸಾವಿರದ ಹತ್ರ ಬಂತು. ಅದರ ಕೂಡ ಗೃಹಲಕ್ಷ್ಮಿ ಐದು ತಿಂಗಳದ್ದು 10 ಸಾವಿರ, ಆವಾಗ ಅನ್ನಭಾಗ್ಯದ ಹೆಚ್ಚಿನ ಅಕ್ಕಿ ಬದಲು ತಲಿಗೆ 170 ರೂಪಾಯಿ ಹಾಕ್ತಿದ್ರು, ನಾವು ಐದು ಮಂದಿ, ತಿಂಗಳಿಗೆ 850. ಕರೆಂಟ್ ಬಿಲ್ ಇಲ್ಲ. ಎಲ್ಲಾ ಕೂಡಿ 58 ಸಾವಿರ ದಾಟಿತು.

ಖರೇ ಹೇಳಬೇಕಂದ್ರ ಗೋವಾದಾಗ ಇದಕ್ಕಿಂತ ಹೆಚ್ಚು ಸಿಗ್ತಿತ್ತು, ಅಡ್ವಾನ್ಸ್ ಹಿಡದು 65, 70 ಸಾವಿರ ಮನಿಗೆ ಮುಟ್ಟತಿತ್ತು. ಹಂಗಿದ್ರೂ ನಾ ಇದನ್ನ ಯಾಕ ಆರಿಸ್ಕೊಂಡೆ ಅಂದ್ರ, ಅಲ್ಲಿ ರೊಕ್ಕ ಮೊದ್ಲೇ ಖರ್ಚಾಗಿರ್ತಿತ್ತು, ಇಲ್ಲೆ ದುಡದ ಮ್ಯಾಲೆ ಬರ್ತಿತ್ತು. ಯಾರ ಹಂಗೂ ಇಲ್ಲ. ಮಗಳು ಏಪ್ರಿಲ್‌ತನಕ ಸಾಲಿಗೆ ಹೋದ್ಲು, ಪೂರ್ತಿ ವರ್ಷ, ಮಾರ್ಕ್ಸ್ ಕಾರ್ಡ್ ತಂದು ತೋರಿಸಿದ್ಲು. ಅತ್ತಿ ತಮ್ಮ ರೊಕ್ಕದಾಗ ಎರಡು ಆಡು ತಂದ್ರು, ನನ್ನ ಕೇಳೂ ಇಲ್ಲ, ಮಗನ್ನ ಕೇಳೂ ಇಲ್ಲ. ಸೊಸಿಗೆ ಕೊಡಬೇಕೋ ಅತ್ತಿಗೆ ಕೊಡಬೇಕೋ ಅಂತ ಆ ಯೋಜನೆ ಬಗ್ಗೆ ಊರೂರಾಗ ಜಗಳ ಆಗ್ಯಾವ, ನಮ್ಮ ಮನ್ಯಾಗನೂ ಒಂಚೂರು ಮಾತು ಬಂತು, ಆದ್ರ ಅತ್ತಿ ಆಡು ಹೊಡ್ಕೊಂಡು ಬಂದ ದಿನ ಅವರ ಮಾರಿ ಮ್ಯಾಲಿನ ಕಳೆ ನೋಡಿ ನಾ ಸುಮ್ಮನಾದೆ.

ಮುಂದಿನ ವರ್ಷ ನರೇಗಾದಾಗನ ದನದ ಕೊಟ್ಟಿಗಿಗೆ ಅರ್ಜಿ ಹಾಕಿದ್ವಿ, 57 ಸಾವಿರ ಸಹಾಯಧನ. ಮೊದ್ಲು ನಾವು ಕಟ್ಟಬೇಕು, ಬಿಲ್ ಆಮ್ಯಾಲೆ, ನಮಗ ಸಾಮಾನಿನ ರೊಕ್ಕ ಬರಾಕ ಏಳು ತಿಂಗಳು ಹಿಡೀತು. ಅಲ್ಲಿತನಕ ಸಂಜೀವಿನಿ ಅನ್ನೋ ಹೆಣ್ಮಕ್ಕಳ ಸ್ವಸಹಾಯ ಸಂಘಗಳ ಒಕ್ಕೂಟದ ಸಾಲ ಕೈ ಹಿಡೀತು. ಅದರಾಗ ಒಂದು ಆಕಳಾ ತಂದೇವಿ, ಈಗ ಡೇರಿಗೆ ದಿನಾ ಎಂಟು ಲೀಟರ್ ಹಾಕ್ತೀವಿ. ಈ ಮುಂಗಡ ಹಾಕೋ ತಾಕತ್ತು ಇಲ್ಲದವ್ರು ಕೊಟ್ಟಿಗಿ ತಂಟೆಗೇ ಹೋಗೂದಿಲ್ಲ. ಅಂಥವ್ರಿಗೇ ಅದು ಬೇಕಾಗಿತ್ತು. ಅರ್ಧ ರೊಕ್ಕ ಮೊದ್ಲು, ಅರ್ಧ ಕಟ್ಟಿದ ಮ್ಯಾಲೆ ಅಂತ ಮಾಡಿದ್ರ ನಮ್ಮ ಓಣ್ಯಾಗ ಇನ್ನ ಹತ್ತು ಕೊಟ್ಟಿಗಿ ಏಳ್ತಾವ.

ಗೃಹಲಕ್ಷ್ಮಿನೂ ನಡುವ ನಡುವ ಎರಡು ಮೂರು ತಿಂಗಳು ತಡಾ ಆಗೇತಿ. ಎರಡು ಸಾವಿರ ಬರತೈತಿ ಅಂತ ಗೊತ್ತಾದ ಕೂಡ್ಲೆ ವಾರದ ಕಂತಿನ ಸಾಲ ಕೊಡೋ ಏಜೆಂಟ್ರು ಓಣಿಗೆ ಬರಾಕ ಶುರು ಮಾಡಿದ್ರು, ಅದನ್ನ ನಂಬಿ ಸಾಲಾ ಮಾಡಿದ ಹೆಣ್ಮಕ್ಕಳು ಕಂತು ತಡಾ ಆದ ತಿಂಗಳು ಮನಿ ಬಾಗಲಾ ಹಾಕ್ಕೊಂಡು ಒಳಗ ಕುಂದ್ರೂದನ್ನ ನಾ ಕಣ್ಣಾರೆ ನೋಡೇನಿ. 2025ರ ಫೆಬ್ರವರಿಯಾಗ ಸರ್ಕಾರ ಸಾಲ ವಸೂಲಿ ಕಿರುಕುಳದ ಮ್ಯಾಲೆ ಸುಗ್ರೀವಾಜ್ಞೆ ತಂದ ಮ್ಯಾಲೆ ಮನಿ ಮುಂದ ಬಂದು ಕೂಗಾಡೂದು ಕಡಿಮಿ ಆತು. ಆದ್ರ ಬಡವರ ಮನಿಗೆ ರೊಕ್ಕ ಕೊಡೋರು ತಿಂಗಳ ಇಂಥಾ ತಾರೀಖು ಅಂದ್ರ ಅವತ್ತೇ ಹಾಕಬೇಕ್ರಿ. ಎಷ್ಟು ಅನ್ನೂದಕ್ಕಿಂತ ಯಾವಾಗ ಅನ್ನೂದು ನಮಗ ದೊಡ್ಡದು, ಮೇಸ್ತ್ರಿ ಆರು ವರ್ಷ ನಮ್ಮನ್ನ ಹಿಡ್ಕೊಂಡಿದ್ದು ಅದಕ್ಕನ, ಅವನ ರೊಕ್ಕ ದೀಪಾವಳಿ ಮುಗದ ಮ್ಯಾಲೆ ತಪ್ಪದಂಗ ಬರ್ತಿತ್ತು.

2025ರ ಡಿಸೆಂಬರ್‌ನಾಗ ನರೇಗಾ ಬದಲು ಹೊಸಾ ಕಾಯ್ದೆ ಪಾರ್ಲಿಮೆಂಟಿನಾಗ ಪಾಸ್ ಆಗೇತಿ, ವಿಬಿ ಜಿ ರಾಮ್ ಜಿ ಅಂತ ಹೆಸರು. 100 ದಿನದ್ದು 125 ಮಾಡ್ಯಾರ, ಅದು ಛಲೋ. ಆದ್ರ ಬಿತ್ತಿಗಿ ಸುಗ್ಗಿ ಹೊತ್ತಿನ್ಯಾಗ ವರ್ಷಕ್ಕ 60 ದಿನ ಕೆಲಸ ಬಂದ್ ಇಡಬೇಕು ಅಂತಲೂ ಐತಿ, ಮೊದ್ಲು ಕೂಲಿ ಪೂರ್ತಿ ಕೇಂದ್ರದ್ದು ಇತ್ತು, ಇನ್ನ ಮ್ಯಾಲೆ 60 ಕೇಂದ್ರ 40 ರಾಜ್ಯ. ನನ್ನ ಚಿಂತಿ ಏನಂದ್ರ ಆ 60 ದಿನ ಯಾವ ತಿಂಗಳದಾಗ ಇಡ್ತಾರ ಅನ್ನೂದು. ಫೆಬ್ರವರಿಯಾಗ ಎರಿ (ಕರಿ ಮಣ್ಣಿನ) ಹೊಲದವ್ರಿಗೆ ಜೋಳ ಕಡ್ಲಿ ಸುಗ್ಗಿ ಇರತೈತಿ, ನಮ್ಮಂಥ ಮಸಾರಿಯವ್ರಿಗೆ ಅದು ಖಾಲಿ ತಿಂಗಳು. ಒಂದೇ ಊರಾಗ ಒಂದು ಓಣಿಗೆ ಸುಗ್ಗಿ, ಒಂದು ಓಣಿಗೆ ಗುಳೆ ಹೋಗೋ ಟೈಮು. ಆ ತಿಂಗಳು ಬಂದ್ ಮಾಡಿದ್ರ ಮೇಸ್ತ್ರಿ ಫೋನ್ ಎತ್ತಾಕ ಮಂದಿ ತಯಾರ್ ಆಕ್ಕಾರ. ಗ್ರಾಮಸಭೆಯಾಗ ಇದನ್ನ ಕೇಳಬೇಕು ಅಂತ ನಾವು ಹದಿನಾಲ್ಕು ಮಂದಿ ಮಾತಾಡ್ಕೊಂಡೇವಿ.

ಹಿಂದಿನ ಓಣ್ಯಾಗ ಒಬ್ಬಾಕಿ ತಂಗಿ ಅದಾಳ, ಗಂಡ ಬಿಟ್ಟು ಹೋಗ್ಯಾನ, ಆಕಿ ಹೆಸರು ಇನ್ನೂ ಅತ್ತಿ ಮನಿ ರೇಷನ್ ಕಾರ್ಡಿನಾಗೇ ಐತಿ, ಹಂಗಾಗಿ ಅಕ್ಕಿನೂ ಇಲ್ಲ, ಎರಡು ಸಾವಿರನೂ ಇಲ್ಲ, ಜಾಬ್ ಕಾರ್ಡೂ ಇಲ್ಲ. ಮೊದ್ಲು ಅಲ್ಲಿಂದ ಹೆಸರು ತಗಸಬೇಕು, ಅದಕ್ಕ ಅವರ ಅತ್ತಿ ಒಪ್ಪವಲ್ರು. ನಾಳೆ ಒಂಬತ್ತೂವರೆ ಬಸ್ಸಿಗೆ ಆಕಿನ್ನ ಕರಕೊಂಡು ತಾಲೂಕ ಆಫೀಸಿಗೆ ಹೊಂಟೇನಿ. ಆಧಾರ್, ಎರಡು ಫೋಟೋ, ಹುಡುಗನ ಜನ್ಮ ದಾಖಲೆ, ಅರ್ಜಿ ಎರಡು ಪ್ರತಿ. ಒಂದು ಅವರಿಗೆ ಕೊಡಾಕ, ಇನ್ನೊಂದರ ಮ್ಯಾಲೆ ತಾರೀಖು ಹಾಕಿ ಸೀಲ್ ಹೊಡಸ್ಕೊಂಡು ಬರಾಕ.